ನಾಗಲಿಂಗಪ್ಪನವರ ಹಗಲು ನಿದ್ದೆ

ಯಶವಂತಪುರದ ಬೋಲ್ಟು ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತ ನಾಗಲಿಂಗಪ್ಪನವರು ಎಂಬತ್ತೈದನೇ ಇಸವಿಯ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಸ್ಟಾಂಪ್ ಪ್ಯಾಡಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದರು. ಎದ್ದಾಗ ಎದುರಿಗೆ ಮ್ಯಾನೇಜರ್ ಸೇತುರಾಮ ನಿಂತಿದ್ದರು. ನಾಗಲಿಂಗಪ್ಪನವರ ಎಡಗೆನ್ನೆ ಮಾಗಿದ ನೇರಳೆಹಣ್ಣಿನಂತಿತ್ತು.

"ಏನ್ರೀ, ನಿಮ್ಮ ಗದಗ ಕಡೆ ಇವತ್ತು ಹೋಳಿನಾ?"

"ಇಲ್ರೀ ಸರ್... ಸ್ವಲ್ಪ ಕಣ್ಣು..."

"ಈ ತಿಂಗಳಲ್ಲಿ ಇದು ಒಂಬತ್ತನೇ ಸಲ. ನಾಲ್ಕು ಗಂಟೆಯೊಳಗೆ ಕಾರಣ ಬರೆದುಕೊಡಿ. ಇಲ್ದಿದ್ರೆ ಮನೇಲೇ ಮಲಗಿ, ಪರ್ಮನೆಂಟಾಗಿ."

ಮ್ಯಾನೇಜರು ಕೈಗಿತ್ತ ಮೆಮೋ ಹಿಡಿದು ನಾಗಲಿಂಗಪ್ಪ ಆರ್.ಟಿ. ನಗರದ ವಠಾರಕ್ಕೆ ಓಡಿದರು. ಬಸ್ಸಿನಲ್ಲಿ ನಿದ್ದೆ ಬಂದು ಎರಡು ಸ್ಟಾಪು ಮುಂದಕ್ಕೆ ಹೋಗಿ ನಡೆದು ಬಂದರು. ಸುದ್ದಿ ಕೇಳಿ ಹೆಂಡತಿ ಕಾಶವ್ವ ಕಣ್ಣೊರೆಸಿಕೊಂಡರೆ, ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ನಕ್ಕರು.

"ಅಯ್ಯೋ, ಅವರ ಗೊರಕೆ ನಮ್ಮನೆ ಪಾತ್ರೇನೆಲ್ಲ ಅಲ್ಲಾಡಿಸುತ್ತೆ ಕಣ್ರೀ. ಅಷ್ಟು ಗಾಢ ನಿದ್ದೆ ಪುಣ್ಯವಂತರಿಗೇ ಬರೋದು! ಮೂಗಿಗೆ ಎರಡು ತೊಟ್ಟು ತುಪ್ಪ ಬಿಡಿ. ನಮ್ಮ ಯಜಮಾನ್ರಿಗೆ ಒಂದೇ ದಿನದಲ್ಲಿ ವಾಸಿ ಆಯ್ತು."

ತುಪ್ಪ ಬಿಟ್ಟದ್ದೂ ಆಯಿತು. ನಾಗಲಿಂಗಪ್ಪ ಇಪ್ಪತ್ತೇಳು ಸಲ ಸೀನಿದರು. ಕಡೆಗೆ ಕಾಶವ್ವನೇ ಹಟಹಿಡಿದು ಗಂಡನನ್ನು ಹೆಬ್ಬಾಳದ ಡಾಕ್ಟರ್ ಬದರೀನಾಥರ ಬಳಿಗೆ ಎಳೆದೊಯ್ದರು. ಯಾರೂ ಕರೆಯದಿದ್ದರೂ ವೆಂಕಟಲಕ್ಷ್ಮಮ್ಮ ಜೊತೆಗೆ ಬಂದರು.

"ಗೊರಕಿ ಹೊಡದ್ರ ನನಗ ಧೈರ್ಯರೀ ಡಾಕ್ಟ್ರ," ಎಂದರು ಕಾಶವ್ವ. "ಅದು ನಿಂತ್ರ ಅಂಜಿಕಿ. ಒಮ್ಮೆಲೇ ಗಪ್ ಆಗತೈತಿ, ಉಸುರ ಇರಂಗಿಲ್ಲ. ನಾ ಎಣಸಕೋತ ಕೂಡ್ತೀನ್ರಿ. ಹದಿನೈದು, ಇಪ್ಪತ್ತು... ಆಮ್ಯಾಲ ಹೊಂಡದಾಗಿಂದ ಎಮ್ಮಿ ಎದ್ದಂಗ ಗೊರ್ರ್ ಅಂತ ಏಳ್ತಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಳಿಗ್ಗೆ ತಲೆನೋವು ಇರುತ್ತಾ ನಾಗಲಿಂಗಪ್ಪ?"

ನಾಗಲಿಂಗಪ್ಪ ಆಗಲೇ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

"ಇದು ಗಾಢ ನಿದ್ದೆ ಅಲ್ಲ, ನಿದ್ದೇನೇ ಅಲ್ಲ," ಎಂದರು ಡಾಕ್ಟರು. "ಮಲಗಿದಾಗ ಗಂಟಲು ಮುಚ್ಚಿ ಉಸಿರು ನಿಲ್ಲುತ್ತೆ. ರಾತ್ರಿಗೆ ನೂರಾರು ಸಲ ಮೆದುಳು ಎಬ್ಬಿಸುತ್ತೆ. ಆ ನಿದ್ದೆಯ ಸಾಲಾನ ಹಗಲು ತೀರಿಸ್ತಾರೆ."

ಎಚ್ಚರಗೊಂಡ ನಾಗಲಿಂಗಪ್ಪ ಅಂಗಿಯ ತೋಳು ಮಡಚಿದರು. "ಹಂಗಾರ ಒಂದು ಇಂಜೆಕ್ಷನ್ ಹಾಕ್ರಿ. ನಾಲ್ಕಕ್ಕ ಆಫೀಸಿಗೆ ಹೋಗ್ಬೇಕು."

"ಇದಕ್ಕೆ ಇಂಜೆಕ್ಷನ್ ಇಲ್ಲ. ಹದಿನೈದು ಕೆಜಿ ಇಳಿಸಿ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ನಿದ್ದೆ ಮಾತ್ರೆ ಮುಟ್ಟಬೇಡಿ. ಹೊರದೇಶದಲ್ಲಿ ಮೂಗಿಗೆ ಗಾಳಿ ಊದೋ ಮೆಷಿನ್ ಮಾಡಿದಾರಂತೆ, ಇಲ್ಲಿಗೆ ಯಾವಾಗ ಬರುತ್ತೋ! ಆರು ತಿಂಗಳಲ್ಲಿ ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ."

"ನಮ್ಮ ಯಜಮಾನ್ರಿಗೆ ತುಪ್ಪದಲ್ಲೇ..." ಎಂದು ವೆಂಕಟಲಕ್ಷ್ಮಮ್ಮ ಬಾಯಿ ಹಾಕಿದರು.

"ಈಗ ಅವರು ಗೊರಕೆ ಹೊಡೆಯೋದೇ ಇಲ್ವಾ ಅಮ್ಮ?"

"ನಂಗೇನ್ ಗೊತ್ತು? ಅವತ್ತಿಂದ ಅವರು ಮಹಡಿ ಮೇಲೆ ಮಲಗ್ತಾರೆ."

ಡಾಕ್ಟರು ಇಡೀ ಪುಟ ಸರ್ಟಿಫಿಕೇಟ್ ಬರೆದುಕೊಟ್ಟರು. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ನಾಗಲಿಂಗಪ್ಪ ಅದನ್ನು ಮೆಮೋ ಸಮೇತ ಸೇತುರಾಮರ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು.

ಸೇತುರಾಮ ಎರಡು ಸಲ ಓದಿದರು. ಅವರ ಮುಖ ಬಿಸಿನೀರಿಗೆ ಬಿದ್ದ ಶಾವಿಗೆಯಂತೆ ಮೆತ್ತಗಾಯಿತು. "ಛೆ, ಸೋಮಾರಿತನ ಅಂದ್ಕೊಂಡಿದ್ದೆ. ಇದು ಕಾಯಿಲೆ ಕಣ್ರೀ! ಕ್ಷಮಿಸಿ." ಮೆಮೋವನ್ನು ಹರಿದು ಬುಟ್ಟಿಗೆ ಹಾಕಿದರು.

ನಾಗಲಿಂಗಪ್ಪನವರ ಕಣ್ಣು ತುಂಬಿತು. ಹನ್ನೆರಡು ವರ್ಷದ ನೌಕರಿಯಲ್ಲಿ ಒಬ್ಬ ಮ್ಯಾನೇಜರ್ ಅವರಲ್ಲಿ ಕ್ಷಮೆ ಕೇಳಿದ್ದು ಅದೇ ಮೊದಲು.

"ನಿಮ್ಮ ಆರೋಗ್ಯಕ್ಕೆ ಅನುಕೂಲ ಆಗೋ ಹಾಗೆ ನಾನೇ ಆರ್ಡರ್ ಮಾಡ್ತೀನಿ," ಎಂದು ಸೇತುರಾಮ ಹೊಸ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ ಕೊಟ್ಟರು.

"ಡಾಕ್ಟರು ಸ್ಪಷ್ಟವಾಗಿ ಬರೆದಿದಾರೆ ನೋಡಿ. ನಿಮಗೆ ರಾತ್ರಿ ಸರಿಯಾಗಿ ನಿದ್ದೆ ಆಗೋಲ್ಲ, ಹಗಲು ತಡೆಯೋಕಾಗದಷ್ಟು ಬರುತ್ತೆ. ಅದಕ್ಕೇ ನಾಳೆಯಿಂದ ನಿಮ್ಮನ್ನ ಪರ್ಮನೆಂಟಾಗಿ ನೈಟ್ ಶಿಫ್ಟಿಗೆ ಹಾಕಿದೀನಿ."