ಆರತಕ್ಷತೆಗೆ ಅಗ್ಗದ ವೈನು

ನಾನು ಪುಕ್ಕಲ ಅನ್ನೋದು ಇಡೀ ಚಳ್ಳಕೆರೆಗೆ ಗೊತ್ತು. ಆದರೂ ಎದೆಗಾರಿಕೆ ಬೇಕಾದ ಕೆಲಸಗಳೆಲ್ಲ ಹುಡುಕಿಕೊಂಡು ನನ್ನ ಬಾಗಿಲಿಗೇ ಬರುತ್ತವೆ. ಆ ವರ್ಷ ಮೊಳಕಾಲ್ಮೂರಿನಲ್ಲಿ ಅಕ್ಕನ ಮಗಳ ಮದುವೆ. ಮದುಮಗ ಫೋನ್ ಮಾಡಿದ.

"ಮಾವ, ಹಿಂದಿನ ದಿನದ ಆರತಕ್ಷತೆ ಊಟಕ್ಕೆ ನಮ್ಮ ಆಫೀಸಿನ ಸಾಹೇಬ್ರು ಬರ್ತಾರೆ. ಅವರಿಗೆ ಮಾತ್ರ ಎರಡು ಬಾಟ್ಲಿ ವೈನ್ ಬೇಕಿತ್ತು. ದುಬಾರಿದು ಬ್ಯಾಡ್ರಿ. ಅಪ್ಪಂಗೆ ಗೊತ್ತಾದ್ರೆ ಮುಹೂರ್ತನೇ ನಿಲ್ಲಿಸ್ತಾರೆ!"

ಅವನ ಅಪ್ಪ ನೇಕಾರರು, ಭಜನೆ ಮಂಡಳಿಯ ಹಿರಿಯರು, ಹೆಂಡದ ವಾಸನೆ ಬಂದರೆ ಎದ್ದು ಹೋಗುವವರು. ಹುಡುಗಿಯ ಬಾಳು ಈಗ ನನ್ನ ಕೈಚೀಲದಲ್ಲಿ!

ಹಳೇ ಸರಕು

ಹೈಸ್ಕೂಲು ಮೇಷ್ಟ್ರು ವೈನ್ಸ್ ಅಂಗಡಿಗೆ ಹೋಗುವುದೆಂದರೆ ಸುಮ್ಮನೆಯೇ? ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದೆ.

"ಏನ್ ಮೇಷ್ಟ್ರೇ, ಹಲ್ಲುನೋವಾ?" ಅಂತ ಅಂಗಡಿಯವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನ ಮಗ ನನ್ನ ಕ್ಲಾಸಿನಲ್ಲೇ ಇದ್ದ.

ಪಿಸುಮಾತಿನಲ್ಲಿ ವೈನು ಕೇಳಿದೆ. ಅವನು ಅಟ್ಟ ಹತ್ತಿ, ಜೇಡರ ಬಲೆ ಕಟ್ಟಿದ ಮೂರು ಬಾಟಲಿ ಇಳಿಸಿದ.

"ವೈನು ಹಳೇದಾದಷ್ಟೂ ಒಳ್ಳೇದಂತೆ?" ಅಂದೆ.

"ಅದೆಲ್ಲ ಗೊತ್ತಿಲ್ರಿ. ಏಳು ವರ್ಷದಿಂದ ಯಾರೂ ಮುಟ್ಟಿಲ್ಲ. ಹಳೇ ಸರಕು ಮಾರಿ ನಿಮಗೆ ಮೋಸ ಮಾಡಂಗಿಲ್ಲ, ಮೂರನ್ನೂ ಅರ್ಧ ರೇಟಿಗೆ ತಗೊಂಡೋಗ್ರಿ!"

ಪರೀಕ್ಷೆ

ಅರ್ಧ ರೇಟು ಅಂದಮೇಲೆ ಹೊಸ ಭಯ ಶುರುವಾಯಿತು. ಕುಡಿದ ಸಾಹೇಬರಿಗೆ ಏನಾದರೂ ಆದರೆ? ಭಾನುವಾರ ವಿಜ್ಞಾನದ ಮೇಷ್ಟ್ರನ್ನು ಕರೆದುಕೊಂಡು ಶಾಲೆಯ ಲ್ಯಾಬಿನಲ್ಲಿ ಒಂದು ಬಾಟಲಿ ಬಿಚ್ಚಿದೆ. ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರು!

"ಆಮ್ಲ ಪರೀಕ್ಷೆ ಸಾರ್," ಅಂತ ವಿಜ್ಞಾನದ ಮೇಷ್ಟ್ರು ಲಿಟ್ಮಸ್ ಕಾಗದ ಅದ್ದಿದರು. ಅದು ಕೆಂಪಾಯಿತು. ನಾನು ಬಿಳುಚಿಕೊಂಡೆ.

ಹೆಡ್‌ಮಾಸ್ಟರು ಲೋಟ ಎತ್ತಿ ಮೂಸಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನನ್ನ ನೌಕರಿ ಹೋಯಿತು ಅಂದುಕೊಂಡೆ.

"ಕೆಟ್ಟಿಲ್ಲ," ಅಂದರು. "ಆದ್ರೆ ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರ್ದು. ಬಾಟ್ಲಿ ನನ್ನ ರೂಮಿಗೆ ಕಳಿಸ್ರಿ."

ಪೆಟ್ಟಿಗೆ

ಉಳಿದ ಎರಡನ್ನು ರೇಷ್ಮೆ ಸೀರೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದಾರ ಕಟ್ಟಿದೆ. ಎಂಥ ಬುದ್ಧಿವಂತ ನಾನು! ಮನೆಮನೆಯಲ್ಲೂ ಮಗ್ಗ ಇರುವ ಮೊಳಕಾಲ್ಮೂರಿನಲ್ಲಿ ಯಾವ ಪೆಟ್ಟಿಗೆ ಬಿಟ್ಟರೂ ಸೀರೆ ಪೆಟ್ಟಿಗೆಯನ್ನು ಬಿಚ್ಚದೆ ಬಿಡುವವರಿಲ್ಲ ಅನ್ನುವುದು ಛತ್ರದ ಮೆಟ್ಟಿಲು ಹತ್ತುವವರೆಗೂ ಹೊಳೆಯಲೇ ಇಲ್ಲ.

ಗಂಡಿನ ತಾಯಿ ಎದುರಿಗೇ ಬಂದು ಪೆಟ್ಟಿಗೆ ಇಸಿದುಕೊಂಡರು. ಬೀಗಿತ್ತಿಗೆ ಕೊಡುವ ಸೀರೆ ಅಂತ ಅವರ ಲೆಕ್ಕ. ಕೈಯಲ್ಲಿ ತೂಗಿ, "ಅಬ್ಬಾ, ಎಂತ ಬರುವು, ಎಂತ ತೂಕ! ಜರಿ ಎಷ್ಟು ಹಾಕ್ಯಾರೋ!" ಅಂತ ತೆಲುಗು ಕನ್ನಡ ಬೆರೆಸಿ ಕಣ್ಣರಳಿಸಿದರು. ಹೆಂಗಸರೆಲ್ಲ ಸುತ್ತ ನೆರೆದರು. ದಾರಕ್ಕೆ ಕೈ ಹಾಕಿಯೇಬಿಟ್ಟರು. ಹುಡುಗಿಯ ಮದುವೆ ಮುರಿದವನು ನಾನೇ ಆದೆನಲ್ಲ!

ಅಷ್ಟರಲ್ಲಿ ಗಂಡಿನ ಅಪ್ಪ ನುಗ್ಗಿ ಬಂದು ಪೆಟ್ಟಿಗೆ ಕಿತ್ತುಕೊಂಡರು. ನನ್ನನ್ನು ರೂಮಿಗೆ ಎಳೆದು ಬಾಗಿಲು ಹಾಕಿದರು. ಕಾಲಿಗೆ ಬೀಳಲು ಬಗ್ಗಿದೆ. ನೋಡಿದರೆ ಅವರೇ ಕೈ ಜೋಡಿಸಿದರು.

"ಮೇಷ್ಟ್ರೇ, ಕೈ ಮುಗೀತೀನಿ. ಎಲ್ಲರ ಎದುರು ಇದನ್ನ ಬಿಚ್ಚಬ್ಯಾಡ್ರಿ. ನಿಮ್ಮ ಅಕ್ಕಂಗೆ ಅಂತ ನಾವು ತಂದಿರೋ ಸೀರೆ ಬಹಳ ಹಗುರ. ಇದರ ಮುಂದೆ ನನ್ನ ಮಾನ ಹೋಗ್ತೈತೆ."

ಹೋದ ಜೀವ ಬಂದಂತಾಯಿತು. "ಛೆ ಛೆ, ನಿಮಗಿಂತ ಹೆಚ್ಚೇನ್ರಿ? ಇವತ್ತು ಬಿಚ್ಚೋದೇ ಬ್ಯಾಡ," ಅಂತ ದೊಡ್ಡ ಮನುಷ್ಯನಂತೆ ಅಂದೆ.

ಅವರು ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ದೊಡ್ಡ ಮನಸ್ಸು ನಿಮ್ದು. ನಾಳೆ ಮುಹೂರ್ತಕ್ಕೆ ನಮ್ಮಾಕೆ ಇದನ್ನೇ ಉಟ್ಕೋತಾಳೆ!"