ಕಾರ್ಬೊರೇಟರ್ ಇಲ್ಲದ ಬೈಕುಗಳು

ಬೇಲೂರಿನ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಗ್ಯಾರೇಜು. ಇಂಜೆಕ್ಷನ್ ಬೈಕುಗಳು ನಮ್ಮ ಕಡೆಗೆ ಹೊಸದಾಗಿ ಬಂದ ಕಾಲ. ಎಂಜಿನ್ನು ಯಾಕೆ ಕೆಮ್ಮುತ್ತಿದೆ ಎಂದು ನಾನು ಹುಡುಕುವಷ್ಟರಲ್ಲಿ ಒಂದಲ್ಲ ಒಂದು ತಮಾಷೆ ನಡೆದೇ ಹೋಗುತ್ತಿತ್ತು.

ಕಳುವಾದ ಕಾರ್ಬೊರೇಟರ್

ಹುಲಿಕೆರೆ ಕಡೆಯ ಗೌಡರೊಬ್ಬರು ಹೊಸ ಬೈಕು ತಂದು ನಿಲ್ಲಿಸಿದರು. ಎಂಜಿನ್ನು ಗೊರಗೊರ ಎನ್ನುತ್ತಿತ್ತು.

"ಕಾರ್ಬೊರೇಟರ್‌ನಾಗೆ ಕಸ ಐತೆ, ಬಿಚ್ಚಿ ತೊಳಿ ಸಾಕು."

"ಗೌಡ್ರೇ, ಇದ್ರಲ್ಲಿ ಕಾರ್ಬೊರೇಟರ್ ಇಲ್ಲ."

"ಇಲ್ವಾ?" ಗೌಡರ ಮುಖ ಕೆಂಪಾಯಿತು. ಮೊಬೈಲ್ ಹಿಡಿದು ರಸ್ತೆಗೆ ಹೋದರು.

ನೋಡಿದರೆ ಪ್ಲಗ್ ಕ್ಯಾಪ್ ಸಡಿಲವಾಗಿತ್ತು. ಒತ್ತಿ ಕೂರಿಸಿದೆ, ಸದ್ದು ಸಮವಾಯಿತು. ಗೌಡರು ಬಂದ ಮೇಲೆ, ಈ ಗಾಡಿಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ, ಕಾರ್ಬೊರೇಟರನ್ನು ಕಂಪನಿಯವರೇ ಇಟ್ಟಿರುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಗೌಡರು ತಲೆ ಕೆರೆದುಕೊಂಡರು. "ಮೊನ್ನೆ ನಮ್ ಭಾಮೈದ ಗಾಡಿ ಒಯ್ದಿದ್ದ ಕಣಪ್ಪ. ಬಿಚ್ಕೊಂಡಿದ್ದು ತಂದ್ಕೊಡ್ಲಾ ಕಳ್ಳ ಅಂತ ಈಗ ಬೈದೆ. ತಪ್ಪಾಯ್ತು, ಸಂಜೆ ತಂದ್ಕೊಡ್ತೀನಿ ಅಂದ. ಹಂಗಾದ್ರೆ ಅವ್ನು ಬಿಚ್ಕೊಂಡಿರೋದು ಏನು?"

ಹಳದಿ ದೀಪ

ಹಳೇಬೀಡಿನ ಮೇಷ್ಟ್ರ ಗಾಡಿ ಏರು ಬಂದರೆ ಮುಕ್ಕರಿಯುತ್ತಿತ್ತು. ಇಂಥ ಬೈಕುಗಳಲ್ಲಿ ಒಳಗೇನಾದರೂ ಕೆಟ್ಟರೆ ಮೀಟರಿನಲ್ಲೊಂದು ಹಳದಿ ದೀಪ ಹತ್ತಿಕೊಳ್ಳುತ್ತದೆ.

"ಮೇಷ್ಟ್ರೇ, ಹಳದಿ ಲೈಟ್ ಬಂದಿತ್ತಾ?"

"ಬಂದಿತ್ತು. ನಮ್ಮನೆಯವಳು ಸರಿ ಮಾಡಿದ್ಲು."

ಬಗ್ಗಿ ನೋಡಿದೆ. ದೀಪದ ಮೇಲೆ ದಪ್ಪನೆಯ ಸ್ಟಿಕ್ಕರ್ ಬೊಟ್ಟು! ಉಗುರಿನಿಂದ ಕಿತ್ತೆ. ದೀಪ ಕಣ್ಣು ಬಿಟ್ಟಿತು.

ಮೇಷ್ಟ್ರು ಹೌಹಾರಿದರು. "ನೋಡಿದ್ಯಾ, ನೀನು ಕೈ ಹಾಕಿದ್ದೇ ತಡ, ಮತ್ತೆ ಕೆಟ್ಟೋಯ್ತು!"

ಹಿಂದಿನ ಸೀಟು

ನಮ್ಮೂರಿನ ಗುಮಾಸ್ತರೊಬ್ಬರ ಗಾಡಿ ಅವರೊಬ್ಬರೇ ಹೋದರೆ ಸರಿಯಾಗಿರುತ್ತಿತ್ತು. ಹೆಂಡತಿ ಹಿಂದೆ ಕೂತರೆ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಗಾಡಿ ಇರಿಸಿಕೊಂಡು ಇಂಜೆಕ್ಟರ್ ತೊಳೆದೆ, ಪೆಟ್ರೋಲು ಸೋಸಿ ನೋಡಿದೆ. ಏನೂ ಹೊಳೆಯಲಿಲ್ಲ. "ಮೇಡಂನೋರ್ನೇ ಕರ್ಕೊಂಡ್ ಬನ್ನಿ" ಎಂದೆ.

ಇಬ್ಬರೂ ಆಟೋದಲ್ಲಿ ಬಂದರು. ಆಕೆ ಇಳಿಯುತ್ತಲೇ, "ನನ್ ತೂಕಕ್ಕೆ ಹಿಂಗಾಗ್ತದೆ ಅಂತಾರೆ ಇವ್ರು. ನಿಜವೇನ್ರೀ?" ಎಂದು ಕೇಳಿದರು. ನಾನು ಸ್ಪ್ಯಾನರ್ ಹುಡುಕುವವನಂತೆ ಬಗ್ಗಿದೆ.

"ಹೋಗ್ಲಿ, ಇವ್ರನ್ನೇ ಹಿಂದೆ ಕೂರಿಸ್ಕೊಂಡು ಒಂದ್ ರೌಂಡ್ ಹೋಗ್ಬನ್ನಿ" ಎಂದರು ಆಕೆ.

ಗುಮಾಸ್ತರು ನನ್ನ ಹಿಂದೆ ಕೂತರು. ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಗಾಡಿ ಜಗ್ಗತೊಡಗಿತು. "ಜಗ್ಗಲೇ ಇಲ್ಲ ಅಂತ ಹೇಳ್ಬಿಡಿ ಮಾರಾಯ್ರೇ" ಎಂದು ಕಿವಿಯಲ್ಲಿ ಬೇಡಿಕೊಂಡರು. ಆಯಿತು ಎಂದೆ. ಗಾಡಿ ಒಪ್ಪಬೇಕಲ್ಲ! ಗ್ಯಾರೇಜಿನ ಮುಂದೆ, ಸರಿಯಾಗಿ ಆಕೆಯ ಎದುರಿಗೇ ಗಕ್ಕನೆ ನಿಂತಿತು.

ಸೀಟು ಎತ್ತಿ ನೋಡಿದೆ. ಹಿಂದೆ ಯಾರು ಕೂತರೂ ಸೀಟಿನ ತಳ ಒಂದು ವೈರನ್ನು ಅಮುಕಿ, ಪೆಟ್ರೋಲ್ ಪಂಪಿಗೆ ಕರೆಂಟು ತಪ್ಪುತ್ತಿತ್ತು. ವೈರ್ ಸರಿಮಾಡಿ ಪಕ್ಕಕ್ಕೆ ಕಟ್ಟಿದೆ. "ತೂಕದ್ದೇನಿಲ್ಲ ಮೇಡಂ, ವೈರಿಂದು" ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಕೂತರು. ಗಾಡಿ ತಕರಾರಿಲ್ಲದೆ ಹೊರಟಿತು. ಆಕೆ ಹೇಳಿದ್ದು ನನಗೂ ಕೇಳಿಸಿತು:

"ಇಷ್ಟ್ ದಿನ ನಂಗೆ ಒಂದೇ ಮುದ್ದೆ ಅಂತ ತಟ್ಟೆ ಎಳ್ಕೋತಿದ್ರಲ್ಲ? ಇವತ್ತಿಂದ ನಿಮ್ಗೆ ಅರ್ಧ. ಮಿಕ್ಕಿದ್ದೆಲ್ಲ ನಂಗೆ!"