ಪೆಟ್ರೋಲ್ ಪರಿಮಳದ ಪರದೆಗಳು

ಗಾಡಿಗೆ ಬಂದ ರೋಗವನ್ನು ಮೂಗಿನಿಂದಲೇ ಪತ್ತೆ ಹಚ್ಚಬೇಕು, ಆದರೆ ಪತ್ತೆ ಹಚ್ಚುವವನ ಮೂಗೇ ಕಟ್ಟಿಹೋಗಿದೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ? ಈ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ವಿಮಾ ಕಚೇರಿಯಲ್ಲಿ ದಿನವಿಡೀ ಏಸಿಯ ಕೆಳಗೆ ಕೂರುವ ಗುಮಾಸ್ತನಿಗೆ ನೆಗಡಿ ಎಂಬುದು ಸಂಬಳದ ಜೊತೆ ಸಿಗುವ ಭತ್ಯೆಯಿದ್ದ ಹಾಗೆ. (ನಿಜ ಹೇಳಬೇಕೆಂದರೆ, ಅವನಿಗೆ ಸಿಗುತ್ತಿದ್ದ ಭತ್ಯೆ ಅದೊಂದೇ.)

ಹೆಂಡತಿ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಅವಳಪ್ಪ ಬಿಟ್ಟುಹೋದ ಹಳೇ ವ್ಯಾನಿನಲ್ಲಿ ತಾನೇ ಕೊಂಡೊಯ್ದು ಕೊಟ್ಟು ಬರುತ್ತಿದ್ದಳು. ಈಗ ಹೆರಿಗೆ ಆಸ್ಪತ್ರೆಯೊಂದರ ಎಲ್ಲ ಕಿಟಕಿಗಳ ಪರದೆ ಅವಳ ಕೈಗೆ ಬಂದಿತ್ತು. ತಿಳಿನೀಲಿ ಬಟ್ಟೆ, ಅದರ ತುಂಬ ಹಳದಿ ಬಾತುಮರಿಗಳು. ಇದು ಗೆದ್ದರೆ ಮುಂದೆ ಅಂಗಡಿ ತೆರೆಯುವ ಮಾತು. ಆದರೆ ಮೊದಲ ಕಂತು ಒಯ್ದ ದಿನವೇ ಅಲ್ಲಿನ ದೊಡ್ಡ ನರ್ಸಮ್ಮ ಒಂದು ಪರದೆ ಮೂಸಿ ನೋಡಿ, "ಏನಮ್ಮಾ, ವ್ಯಾನಲ್ಲಿ ಪರದೆ ತಂದ್ಯೋ, ಪರದೇಲಿ ಪೆಟ್ರೋಲ್ ಸೋಸ್ಕೊಂಡು ತಂದ್ಯೋ? ಹಸುಗೂಸುಗಳಿರೋ ಜಾಗ ಇದು. ಶನಿವಾರ ಎಲ್ಲಾನೂ ವಾಸನೆ ಇಲ್ದೆ ತಗೊಂಡು ಬಾ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ" ಎಂದು ಎಲ್ಲವನ್ನೂ ವಾಪಸು ಕಳಿಸಿದ್ದಳು.

"ರೀ, ಮೆಕ್ಯಾನಿಕ್ ಹತ್ರ ಬಿಟ್ಟು ಬನ್ನಿ" ಎಂದಳು ಹೆಂಡತಿ.

"ಮನೇಲಿ ಗಂಡಸು ಅಂತ ಒಬ್ಬ ಇರೋವಾಗ ಮೆಕ್ಯಾನಿಕ್ ಯಾಕೆ?"

"ಅದಕ್ಕೇ ಭಯ" ಎಂದು ಒಳಗಿನಿಂದ ಅವನ ಅತ್ತೆಯ ಧ್ವನಿ ಬಂತು.

ಆ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಮೂಗು ಅತ್ತೆಯದೊಂದೇ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿ ಕೂತೇ ಹೇಳಬಲ್ಲವರು. ಹೆಂಡತಿಯ ಮೂಗು ದಿನವೂ ವ್ಯಾನಿನಲ್ಲಿ ಕೂತು ಕೂತು ಆ ವಾಸನೆಯೊಂದಿಗೆ ರಾಜಿ ಮಾಡಿಕೊಂಡುಬಿಟ್ಟಿತ್ತು. ಅತ್ತೆಯನ್ನು ಕರೆದು ಮೂಸಿಸಿದ್ದರೆ ಮುಗಿಯುತ್ತಿತ್ತು. ಆದರೆ "ಅದಕ್ಕೇ ಭಯ" ಅಂದವರ ಮೂಗನ್ನು ಕಡ ಕೇಳುವುದುಂಟೆ?

ಅಂದಿನಿಂದ ಅಂಗಳದಲ್ಲಿ ಮಹಾ ಸಂಶೋಧನೆ ಆರಂಭವಾಯಿತು. ಮೊಬೈಲಿನಲ್ಲಿ ಯಾರೋ ಹೇಳಿದಂತೆ ಪ್ಲಗ್ಗುಗಳನ್ನು ಬಿಚ್ಚಿದ. ಮಸಿಯಂತೆ ಕಪ್ಪಗಿದ್ದವು. "ನೋಡೇ, ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡೀತಾ ಇದೆ" ಎಂದು ವೈದ್ಯರ ಗತ್ತಿನಲ್ಲಿ ಘೋಷಿಸಿದ. ಓಡುವಾಗ ಹೇಗೋ ಅರಗಿಸಿಕೊಳ್ಳುತ್ತದೆ, ನಿಂತಲ್ಲೇ ಗುರುಗುಟ್ಟುವಾಗ ಅರೆಬರೆ ಸುಟ್ಟು ಹೊರಗೆ ಉಗುಳುತ್ತದೆ. ಇಲ್ಲಿಯವರೆಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು. (ಅವನ ಜೀವನದಲ್ಲಿ ಎಲ್ಲವೂ ಇಲ್ಲಿಯವರೆಗೆ ಸರಿಯಾಗಿಯೇ ಇರುತ್ತದೆ.) ಪ್ಲಗ್ ಉಜ್ಜಿದ, ಏರ್ ಫಿಲ್ಟರ್ ಬದಲಿಸಿದ, ಕೊನೆಗೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲಿಗೆ ಕಟ್ಟುನಿಟ್ಟಾದ ಪಥ್ಯ ಹಾಕಿದ. ಎಂಜಿನ್ನಿನ ಸದ್ದು ನಯವಾಯಿತು. ಅವನು ಎಕ್ಸಾಸ್ಟ್ ಕೊಳವೆಯ ಹಿಂದೆ ಮಂಡಿಯೂರಿ, ಕಟ್ಟಿದ ಮೂಗಿನಿಂದ ದೀರ್ಘವಾಗಿ ಉಸಿರೆಳೆದು, "ಎಳ್ಳಷ್ಟೂ ವಾಸನೆ ಇಲ್ಲ!" ಎಂದು ಪ್ರಮಾಣಪತ್ರ ಕೊಟ್ಟ.

ಶನಿವಾರ ಒಗೆದು ಇಸ್ತ್ರಿ ಮಾಡಿದ ಪರದೆಗಳನ್ನೆಲ್ಲ ತುಂಬಿಕೊಂಡು ಹೊರಟರು. ತನ್ನ ಗೆಲುವನ್ನು ಕಣ್ಣಾರೆ ನೋಡಲಿ ಎಂದು ಅತ್ತೆಯನ್ನೂ ಒತ್ತಾಯದಿಂದ ಹತ್ತಿಸಿಕೊಂಡು, ಅವನೇ ಚಕ್ರ ಹಿಡಿದು ಕೂತ. ಮೊದಲ ಸಿಗ್ನಲ್ಲಿನಲ್ಲೇ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಅಳಿಯಂದ್ರೇ, ತಲೆ ಸುತ್ತುತ್ತಾ ಇದೆ. ಆ ಕಿಟಕಿ ಪರದೆನಾದ್ರೂ ತೆಗೀರಿ, ಗಾಳಿ ಬರ್ಲಿ."

ಬಿಸಿಲು ತಡೆಯಲೆಂದು ಚಾಲಕನ ಕಿಟಕಿಗೆ ಹೆಂಡತಿ ಪುಟ್ಟ ಪರದೆ ಹೊಲಿದಿದ್ದಳು. ಅದು ಹಾರದಂತೆ ಅವನೇ ಅದರ ಲಾಡಿಯನ್ನು ಬಿಗಿಯಾಗಿ ಎಳೆದು ಮುಂದಿನ ಫಲಕದ ಗುಂಡಿಯೊಂದಕ್ಕೆ ಗಂಟು ಹಾಕಿದ್ದ. ಈಗ ಆ ಗಂಟು ಬಿಚ್ಚಿದಾಗ ಅವನ ಕೈ ಅಲ್ಲೇ ನಿಂತಿತು. ಮೊಬೈಲಿನಲ್ಲಿ ತೋರಿಸಿದ್ದ ಚೋಕ್ ಗುಂಡಿ ಅದೇ! ಬೆಳಗಿನ ತಣ್ಣನೆ ಎಂಜಿನ್ನನ್ನು ಎಬ್ಬಿಸಲು ತುಸು ಹೆಚ್ಚು ಪೆಟ್ರೋಲ್ ಕುಡಿಸುವ ಗುಂಡಿ. ಲಾಡಿಯ ಎಳೆತಕ್ಕೆ ಅದು ಹಗಲೂ ಸಂಜೆಯೂ ಹೊರಬಂದೇ ಇತ್ತು.

"ಮೊಳೆ ಹೊಡೀರಿ ಅಂದಿದ್ದೆ" ಎಂದಳು ಹೆಂಡತಿ, ಗುಂಡಿಯನ್ನೇ ನೋಡುತ್ತ. "ಇಷ್ಟು ಒಳ್ಳೆ ಗುಂಡಿ ಇರೋವಾಗ ಮೊಳೆ ಯಾಕೆ ಅಂದ್ರಿ. ಆ ಗುಂಡಿ ಯಾತಕ್ಕೆ ಅಂತ ಕೇಳ್ದೆ. ಹಳೇ ಕಾಲದ್ದು, ಅಲಂಕಾರಕ್ಕೆ ಅಂದ್ರಿ."

ಅವನು ಬೆವರೊರೆಸಿಕೊಂಡು ಗುಂಡಿಯನ್ನು ಒಳಕ್ಕೆ ಒತ್ತಿದ. ಎಂಜಿನ್ ಎರಡು ಸಲ ಬಿಕ್ಕಿ ಪ್ರಾಣ ಬಿಟ್ಟಿತು. ಬಿಡದೆ ಏನು ಮಾಡೀತು? ಚೋಕ್ ಕುಡಿಸುತ್ತಿದ್ದುದಕ್ಕೆ ಸರಿಹೊಂದುವಂತೆ ಅವನೇ ಸ್ಕ್ರೂ ಬಿಗಿದು ಉಪವಾಸ ಕೆಡವಿದ್ದನಲ್ಲ! ಸ್ಕ್ರೂಡ್ರೈವರ್ ಮನೆಯಲ್ಲಿ. ಹಿಂದೆ ಹಾರ್ನುಗಳ ಮೇಳ. ಕೊನೆಗೆ ಹೆಂಡತಿಯೇ ಕೈಚಾಚಿ ಚೋಕ್ ಎಳೆದು ಹಿಡಿದಳು. ಬಿಟ್ಟರೆ ಅದು ಮತ್ತೆ ಒಳಕ್ಕೆ ಜಾರುತ್ತಿತ್ತು, ದಾರಿಯುದ್ದಕ್ಕೂ ಹಿಡಿದೇ ಇದ್ದಳು. ಅವಳ ಹಿಂದೆ ಬಾತುಮರಿಗಳು ಪೆಟ್ರೋಲಿನಲ್ಲಿ ಮೀಯುತ್ತ ಬಂದವು.

ಆಸ್ಪತ್ರೆಯಲ್ಲಿ ದೊಡ್ಡ ನರ್ಸಮ್ಮ ಮೂಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲೇ 'ಬೇಡ' ಎಂದು ಕೈಯಾಡಿಸಿ ವಾಪಸು ಕಳಿಸಿದಳು.

ವಾಪಸು ಬರುವಾಗ ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಅವಳು ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ಬೈಯಲಿಲ್ಲ. ಅವಳ ಬೆರಳು ಚೋಕ್ ಹಿಡಿದು ಕೆಂಪಾಗಿತ್ತು. 'ಗೊತ್ತಿಲ್ಲ' ಎಂಬ ಒಂದು ಮಾತನ್ನು, ಅವಳು ಕೇಳಿದ ದಿನವೇ ಹೇಳಿಬಿಡಬೇಕಿತ್ತು ಎಂದು ಅವನಿಗೆ ಅನ್ನಿಸಿತು.

ಅಷ್ಟು ಬಟ್ಟೆಯನ್ನು ಬಿಸಾಡಲಾದೀತೆ? ಒಗೆದೊಗೆದು ಮನೆಯ ಕಿಟಕಿ, ಬಾಗಿಲು, ಕಪಾಟು, ಕೊನೆಗೆ ಬಚ್ಚಲಿಗೂ ನೇತುಹಾಕಿದ್ದಾಯಿತು. ಕಾಫಿಪುಡಿ ಕೇಳಲು ಬಂದ ಪಕ್ಕದ ಮನೆಯಾಕೆ ಎಲ್ಲೆಲ್ಲೂ ಬಾತುಮರಿಗಳನ್ನು ಕಂಡು ಕಣ್ಣರಳಿಸಿದರು.

"ಏನಮ್ಮಾ ಇದು! ಒಂದು ಮಾತೂ ಹೇಳ್ಲಿಲ್ಲವಲ್ಲ! ಮನೇಗೆ ಮಗು ಬರ್ತಾ ಇದೆಯಾ?"

ಹೆಂಡತಿ ಪುಡಿ ಅಳೆದು ಹಾಕುತ್ತ, ಅವನತ್ತ ತಿರುಗಿಯೂ ನೋಡದೆ ಹೇಳಿದಳು:

"ಬರೋದೇನು, ಬಂದು ವರ್ಷಗಳೇ ಆಯ್ತು. ಗಾಡಿ ಹತ್ರ ಮಾತ್ರ ಬಿಡೋ ಹಾಗಿಲ್ಲ, ಅಷ್ಟೇ."